ಎಡಕ್ಕೆ ಬಂದ ಬಟನ್‌ಗಳು

ಅವರ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಅಡಿಕೆ ಚೊಗರಿನ ಕಲೆ ಸದಾ ಇರುತ್ತಿತ್ತು. ಹಿಡಿದ ಮೌಸೆಲ್ಲ ಕಪ್ಪು. ನನಗೆ ಕಂಪ್ಯೂಟರ್ ಕಲಿಸಿದ ಮೇಷ್ಟ್ರು ಅವರು. ಅರಂತೋಡಿನಿಂದ ಬಸ್ಸಿನಲ್ಲಿ ಬಂದು ಬೆಳ್ಳಾರೆಯ ನನ್ನ ಡಿಟಿಪಿ ಅಂಗಡಿಯಲ್ಲಿ ಕುಳಿತರೆ ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದಾದ ಲಿನಕ್ಸ್ ವ್ಯವಸ್ಥೆ ಬಿಟ್ಟು ಬೇರೆ ಮಾತಿಲ್ಲ. ವಿಂಡೋದ ಅಂಚು ಹೇಗಿರಬೇಕು, ಮೆನು ಎಲ್ಲಿರಬೇಕು ಎಂದು ಗಂಟೆಗಟ್ಟಲೆ ಕೊರೆಯುತ್ತಿದ್ದರು. "ಮನೆ ನಿನ್ನದು, ಬಾಗಿಲು ಎಲ್ಲಿ ಇಡುದು ಅಂತ ನೀನೇ ಹೇಳ್ಬೇಕು" ಎನ್ನುವರು. ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲವೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಆಮೇಲೆ ನನ್ನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತು. ಪುತ್ತೂರಿನ ಆಸ್ಪತ್ರೆಯಿಂದ ಹೊರಬಂದಾಗ ಎರಡೂ ಕಣ್ಣಿಗೆ ಬಲಭಾಗ ಕಾಣುತ್ತಿರಲಿಲ್ಲ. ಕತ್ತಲೆಯಲ್ಲ ಅದು; ಆ ಕಡೆ ಏನೂ ಇಲ್ಲವೆನ್ನುವ ಹಾಗೆ. ಬಸ್ಸು, ಜನ, ಚಹಾದ ಲೋಟ ಎಲ್ಲವೂ ಕನಸಿನಲ್ಲಿ ಬಂದಂತೆ ಎಲ್ಲಿಂದಲೋ ಬಂದು ಎದುರು ನಿಲ್ಲುತ್ತಿದ್ದವು. ಹಾಗೆ ತೇಲುತ್ತ ಇರುವುದು ಹಿತವಾಗಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಂಗಡಿ? ವಿಂಡೋ ಮುಚ್ಚುವ ಬಟನ್ ಬಲತುದಿಯಲ್ಲಿ. ಅದು ಕಾಣದೆ ಎಲ್ಲವನ್ನೂ ತೆರೆದೇ ಬಿಡುತ್ತಿದ್ದೆ. ಒಬ್ಬರ ಮದುವೆ ಕಾಗದಕ್ಕೆ ಇನ್ನೊಬ್ಬರ ಮದುಮಗಳು ಸೇರಿಹೋದಳು. ಅಂಗಡಿ ಬಿಡುವುದೆಂದು ತೀರ್ಮಾನಿಸಿದೆ.

"ಎಂತ ಮಾರಾಯ್ತಿ, ನನಗೊಂದು ವಾರ ಕೊಡು" ಎಂದರು ಮೇಷ್ಟ್ರು. ಆ ವಾರವಿಡೀ ತಮ್ಮ ಮನೆಯ ಸ್ಕ್ರೀನಿನ ಬಲ ಅರ್ಧಕ್ಕೆ ರಟ್ಟು ಅಂಟಿಸಿಕೊಂಡು ಕೆಲಸ ಮಾಡಿದರಂತೆ. "ಇವರಿಗೆ ಮರ್ಲ್, ತಲೆ ಸರಿ ಇಲ್ಲ" ಎಂದು ಅವರ ಹೆಂಡತಿ ಫೋನಿನಲ್ಲಿ ದೂರಿದರು.

ವಾರ ಕಳೆದು ಬಂದವರೇ ಬಟನ್‌ಗಳನ್ನೂ ಮೆನುವನ್ನೂ ಎಡಕ್ಕೆ ತಂದರು. ವಿಂಡೋದ ಸುತ್ತ ದಪ್ಪ ಹಳದಿ ಅಂಚು. "ಹಳದಿ ಕಾಣುವವರೆಗೆ ತಲೆ ತಿರುಗಿಸು. ಅಲ್ಲಿಗೆ ಮುಗೀತು ಅಂತ ಗೊತ್ತಾಗ್ತದೆ." ನಾನು ಕೈಮುಗಿದೆ. ಅವರು ಎಲ್ಲವನ್ನೂ ಮತ್ತೆ ಬಲಕ್ಕೆ ದೂಡಿ ಎದ್ದು ನಿಂತರು! "ಈಗ ನೀನು ಮಾಡು. ನಾನಿಲ್ಲದ ದಿನ ಎಂತ ಮಾಡ್ತಿ?" ಸಿಟ್ಟು ಬಂತು, ಅಳುವೂ ಬಂತು. ಸಂಜೆಯವರೆಗೆ ಹುಡುಕಿ ಹುಡುಕಿ ಮಾಡಿದೆ. ಅವರು ಎರಡು ಬಸ್ಸು ಬಿಟ್ಟು ಕಾದರು.

ಹೋದ ಮಳೆಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಮೊನ್ನೆ ಅಂಗಡಿಗೆ ಹೊಸ ಕಂಪ್ಯೂಟರ್ ತಂದೆ. ತೆರೆದರೆ ಬಟನ್‌ಗಳು ಬಲಕ್ಕೆ, ನನಗಿಲ್ಲದ ಕಡೆಗೆ. ಮರೆತು ಅವರ ನಂಬರು ಒತ್ತಿಯೇಬಿಟ್ಟೆ.

"ಎಂತ ಮಗಾ?" ಎಂದರು ಅವರ ಹೆಂಡತಿ.

"ಏನಿಲ್ಲ ಅಮ್ಮ. ಬಟನ್ ಎಡಕ್ಕೆ ತರ್ಲಿಕ್ಕೆ ಉಂಟು."

"ತಾ. ನಾನು ಫೋನ್ ಇಡುದಿಲ್ಲ."

ಒಂದೊಂದಾಗಿ ತಂದೆ. ಆಚೆ ಅವರು ಕಾಯುತ್ತಿದ್ದರು. ನನ್ನ ಅಂಗಡಿ ಉಳಿದದ್ದು ಮೇಷ್ಟ್ರಿಂದ ಎಂದು ಅವರಿರುವಾಗ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಕೊನೆಯ ಬಟನ್ ಎಡಕ್ಕೆ ಬಂದ ಮೇಲೆ ಆ ಮಾತನ್ನು ಅಮ್ಮನಿಗೆ ಹೇಳಿದೆ.