ಬ್ಯಾರನ್ ಸಾರಂಡಿಸ್ ಓಡಿಹೋಗಲಿಲ್ಲ

ಟ್ರಿಯೆಸ್ಟೆಯ ಹಳೆಯ ಮನೆತನಗಳ ಕುರಿತು ಕಳೆದ ತಿಂಗಳು ನಮ್ಮ ಪತ್ರಿಕೆಯೊಂದರಲ್ಲಿ ಬಂದ ಲೇಖನದಲ್ಲಿ, ‘ಬ್ಯಾರನ್ ಲಿಯಾಂಡ್ರೋಸ್ ಸಾರಂಡಿಸ್ ತಮ್ಮ ಬ್ಯಾಂಕು ಬೀಳುವ ಮುನ್ನಾದಿನ ಊರು ಬಿಟ್ಟು ಓಡಿಹೋದರು’ ಎಂಬ ವಾಕ್ಯವಿದೆ. ಬರೆದವರು ಆಗ ಹುಟ್ಟಿರಲಾರರು. ನಾನು ಆ ಬ್ಯಾಂಕಿನಲ್ಲಿ ಪತ್ರವ್ಯವಹಾರದ ಗುಮಾಸ್ತನಾಗಿದ್ದೆ. ಅವರು ಹೋದ ದೋಣಿಯಲ್ಲಿ ನಾನೂ ಕುಳಿತಿದ್ದೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುವುದು ನನ್ನ ಕರ್ತವ್ಯ.

ಸಾರಂಡಿಸ್ ಮನೆತನದ ಮೂಲ ಕಿಯೋಸ್ ದ್ವೀಪ. ಬ್ಯಾರನ್‌ರ ಅಜ್ಜ ಒಣದ್ರಾಕ್ಷಿ ವ್ಯಾಪಾರಕ್ಕೆ ಟ್ರಿಯೆಸ್ಟೆಗೆ ಬಂದು ಬ್ಯಾಂಕು ತೆರೆದರು. ತಂದೆಗೆ ವಿಯೆನ್ನಾದ ಚಕ್ರವರ್ತಿಯಿಂದ ಬ್ಯಾರನ್ ಪದವಿ ಬಂತು. ‘ನಂಬಿಕೆ ಪೆಟ್ಟಿಗೆಯಲ್ಲಿರುವುದಿಲ್ಲ, ಮುಖದಲ್ಲಿರುತ್ತದೆ’ ಎಂಬುದು ಅಜ್ಜನ ಮಾತು. ಅದರಂತೆ ಮನೆಯ ಯಜಮಾನನು ಬೋರ್ಸಾ, ಅಂದರೆ ಊರಿನ ಷೇರುಪೇಟೆ, ತೆರೆದಿರುವ ಪ್ರತಿ ಮಧ್ಯಾಹ್ನವೂ ಅಲ್ಲಿ ತನಗೆ ಮೀಸಲಾದ ಕಂಬದ ಪಕ್ಕದಲ್ಲಿ ನಿಲ್ಲಬೇಕು. ಬಂದವರು ಟೋಪಿ ಎತ್ತುತ್ತಾರೆ, ಇವನೂ ಎತ್ತುತ್ತಾನೆ. ಅಷ್ಟೇ ಕೆಲಸ. ಆದರೆ ಹಿಂದೆ ಇನ್ನೊಬ್ಬ ಬ್ಯಾಂಕರು ಜ್ವರವೆಂದು ಮನೆಯಲ್ಲಿ ಮಲಗಿದ ವಾರದಲ್ಲೇ ಠೇವಣಿದಾರರು ಅವನ ಬಾಗಿಲು ಮುರಿದದ್ದನ್ನು ಊರು ನೋಡಿತ್ತು. ನಮ್ಮ ಬ್ಯಾರನ್‌ರಿಗೆ ಗಂಡುಮಕ್ಕಳಿಲ್ಲ, ತಮ್ಮಂದಿರಿಲ್ಲ. ಅವರ ಬದಲು ನಿಲ್ಲುವವರು ಯಾರೂ ಇರಲಿಲ್ಲ.

ಒಬ್ಬಳೇ ಮಗಳು ಕಲ್ಯೋಪಿಯನ್ನು ಅಲೆಕ್ಸಾಂಡ್ರಿಯಾದ ಹತ್ತಿ ವ್ಯಾಪಾರಿಗೆ ಕೊಟ್ಟಿದ್ದರು. ಮದುವೆಯಾದ ಮೇಲೆ ತಂದೆ ಅವಳನ್ನು ಕಂಡಿರಲಿಲ್ಲ. ಅಲ್ಲಿಗೆ ಹೋಗಿಬರುವಷ್ಟು ದಿನ ಕಂಬ ಬಿಡುವಂತಿರಲಿಲ್ಲ. ಈಜಿಪ್ಟಿನಲ್ಲಿ ಕಾಲರಾ ಹಬ್ಬಿದ ಬೇಸಿಗೆಯಲ್ಲಿ ಅಳಿಯ ವ್ಯಾಪಾರವನ್ನು ಇಂಗ್ಲೆಂಡಿಗೆ ಸಾಗಿಸಿದ. ಕಲ್ಯೋಪಿ ಪುಟ್ಟ ಮಗಳು ಇರೀನಿಯೊಡನೆ ನಮ್ಮೂರಿನ ಮೂಲಕ ಅಲ್ಲಿಗೆ ಹೊರಟಳು. ತವರಿನಲ್ಲಿ ಒಂದು ವಾರ ಇರುವುದೆಂದು ಮಾತಾಗಿತ್ತು. ಹಡಗು ಬಂತು. ಆದರೆ ಅದರಲ್ಲಿದ್ದವರನ್ನೆಲ್ಲ ಕೊಲ್ಲಿಯ ಆಚೆ ದಡದ ಲಝರೆಟ್ಟೊ ಎಂಬ ರೋಗತಡೆ ಕೇಂದ್ರದಲ್ಲಿ ಕ್ವಾರಂಟೈನಿಗೆ ಇಳಿಸಿದರು.

ಮೊದಲ ಭಾನುವಾರ ಬೋರ್ಸಾಕ್ಕೆ ರಜೆ. ಬ್ಯಾರನ್, ಅವರ ಪತ್ನಿ ದೆಸ್ಪಿನಾ ಮತ್ತು ನಾನು ದೋಣಿಯಲ್ಲಿ ಹೋದೆವು. ಅಲ್ಲಿನ ಭೇಟಿಯ ಅಂಗಳದಲ್ಲಿ ಎದುರುಬದುರಾಗಿ ಎರಡು ಮರದ ಕಟಕಟೆಗಳು. ನಡುವೆ ಒಂದು ಗಾಡಿ ಹೋಗುವಷ್ಟು ಜಾಗ. ಅಲ್ಲಿ ಬೇಪಿ ಎಂಬ ಕಾವಲುಗಾರ. ಆಚೆಯವರನ್ನು ಮುಟ್ಟಿದವರು ಆಚೆಯೇ ಉಳಿದು, ಆ ಹಡಗಿನವರೊಂದಿಗೇ ಹೊರಬರಬೇಕೆಂಬುದು ನಿಯಮ.

ದೆಸ್ಪಿನಾ ಅಮ್ಮನವರು ನಿಯಮವನ್ನು ಪೂರ್ತಿ ಕೇಳಿಸಿಕೊಂಡು, ಬಿಹಿ ಹಣ್ಣಿನ ಮುರಬ್ಬದ ಭರಣಿ ಹಿಡಿದು ನೇರವಾಗಿ ದಾಟಿಬಿಟ್ಟರು.

“ಅಮ್ಮಾವ್ರೇ, ವಾಪಸ್ ಬಿಡಲ್ಲ ನಾನು,” ಎಂದ ಬೇಪಿ.

“ಬಿಡು ಅಂತ ಕೇಳಿದ್ನೇನಪ್ಪಾ?” ಎಂದರು ಅವರು. ಮಗಳನ್ನು ಅಪ್ಪಿಕೊಂಡ ಮೇಲೆ ಗಂಡನ ಕಡೆ ತಿರುಗಿದರು. “ಏನ್ರೀ, ಮದುವೇಲಿ ನಿಮ್ಮ ಕೈ ಹಿಡಿದಿದ್ದು ನಾನು, ಆ ಕಂಬ ಅಲ್ಲ. ಬರ್ತೀರೋ?”

“ನಾಳೆ ಸೋಮವಾರ, ದೆಸ್ಪಿನಾ.”

“ಗೊತ್ತು. ಭಾನುವಾರ ಆದ್ಮೇಲೆ ಅದೇ ಬರೋದು.”

ಇರೀನಿ ತಾಯಿಯ ಲಂಗದಂಚು ಎಳೆದಳು. “ಅಮ್ಮಾ, ತಾತ ಯಾಕೆ ಅಲ್ಲೇ ನಿಂತಿದ್ದಾರೆ? ಅವ್ರಿಗೂ ಕಾಯಿಲೆನಾ?”

“ಹೂಂ ಕಂದಾ. ಬ್ಯಾಂಕಿನ ಕಾಯಿಲೆ,” ಎಂದಳು ಕಲ್ಯೋಪಿ. ನಗುತ್ತಲೇ ಹೇಳಿದಳು. ಆದರೆ ಅವಳ ಕೈ ಕಟಕಟೆಯ ಮೇಲೆ, ಈಚೆಗೆ ಚಾಚಿಕೊಂಡೇ ಇತ್ತು.

ವಾರವಿಡೀ ಬ್ಯಾರನ್ ಕಂಬದ ಬಳಿ ನಿಂತರು, ಟೋಪಿ ಎತ್ತಿದರು. ಸಂಜೆ ಬಂದರಿನ ಕಟ್ಟೆಯ ತುದಿಗೆ ಹೋಗಿ ದುರ್ಬೀನಿನಿಂದ ಆಚೆ ದಡವನ್ನು ನೋಡುತ್ತಿದ್ದರು. “ಫರ್ಲಾನಿಚ್, ಆ ನೀಲಿ ಬಟ್ಟೆ ಅವಳದೇ ಇರ್ಬೇಕು,” ಎಂದು ನನಗೆ ಹೇಳುತ್ತಿದ್ದರು. ಅಷ್ಟು ದೂರದಿಂದ ಬಟ್ಟೆಯ ಬಣ್ಣ ಕಾಣುವುದು ಸಾಧ್ಯವಿಲ್ಲ. ನಾನು ಹೌದೆನ್ನುತ್ತಿದ್ದೆ.

ಶನಿವಾರ ಆರೋಗ್ಯ ಇಲಾಖೆಯ ಹೊಸ ಆದೇಶ ಬಂತು. ಆ ಹಡಗಿನ ಪರವೂರಿನ ಪ್ರಯಾಣಿಕರು ಅವಧಿ ಮುಗಿದ ಮೇಲೂ ನಗರದಲ್ಲಿ ಕಾಲಿಡಕೂಡದು. ಲಝರೆಟ್ಟೊದಿಂದಲೇ ಲಿವರ್‌ಪೂಲಿನ ಹಡಗು ಹತ್ತಬೇಕು. ತವರಿನ ವಾರ ಹೋಯಿತು.

ಮರುದಿನ ಭಾನುವಾರ ಬ್ಯಾರನ್ ಮತ್ತು ನಾನು ಮತ್ತೆ ದೋಣಿಯಲ್ಲಿ ಹೋದೆವು. ಕಟಕಟೆಯ ಮುಂದೆ ಅವರು ಕೈಗವಸು ಕಳಚಿದರು.

“ಸ್ವಾಮಿ, ನಾಳೆ ಕಂಬದ ಹತ್ರ ಯಾರೂ ಇಲ್ದಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ,” ಎಂದೆ ನಾನು.

“ನಿನಗಿಂತ ಚೆನ್ನಾಗಿ ಗೊತ್ತು. ಠೇವಣಿ ಕೇಳಿದವರಿಗೆಲ್ಲ ನೀವೆಲ್ಲ ಸೇರಿ ಕೊಟ್ಟುಬಿಡಿ. ಮನೆ ಮಾರಿಯಾದ್ರೂ ಸರಿ. ಯಾರಿಗೂ ‘ನಾಳೆ ಬಾ’ ಅನ್ಬೇಡಿ.”

“ಧಣಿ, ನೀವೂನಾ?” ಎಂದು ಬೇಪಿ ದಾರಿಬಿಟ್ಟ.

ಅವರು ದಾಟಿದರು. ಕಲ್ಯೋಪಿ ತಂದೆಯ ಬರಿಗೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ದೆಸ್ಪಿನಾ ಅಮ್ಮನವರು, “ಊಟ ಆಗಿದೆಯೇನ್ರೀ?” ಎಂದಷ್ಟೇ ಕೇಳಿದರು.

ಸೋಮವಾರ ಬರಿದಾದ ಕಂಬವನ್ನು ಊರೆಲ್ಲ ನೋಡಿತು. ಮಂಗಳವಾರ ನಮ್ಮ ಮೆಟ್ಟಿಲ ಮೇಲೆ ಜನ. ಕೇಳಿದವರಿಗೆಲ್ಲ ಕೊಟ್ಟೆವು, ಬರಿಗೈಯಲ್ಲಿ ಹೋದವರು ಒಬ್ಬರೂ ಇಲ್ಲ. ಎಲ್ಲರಿಗೂ ಕೊಟ್ಟು ಮುಗಿದ ಮೇಲೆ ಬಾಗಿಲು ಹಾಕಿದೆವು. ಇದನ್ನು ‘ಬೀಳುವುದು’ ಎನ್ನುವವರು ಮೊದಲು ಬ್ಯಾಂಕೆಂದರೇನೆಂದು ತಿಳಿಯಬೇಕು.

ಅವಧಿ ಮುಗಿದ ದಿನ ನಾನು ದೋಣಿ ತೆಗೆದುಕೊಂಡು ಹೋದೆ. ಲಿವರ್‌ಪೂಲಿನ ಹಡಗು ಆಳನೀರಿನಲ್ಲಿ ಕಾಯುತ್ತಿತ್ತು. ಇರೀನಿ ತಾತನ ಭುಜದ ಮೇಲೆ ನಿದ್ದೆಹೋಗಿದ್ದಳು. ಬ್ಯಾರನ್ ವೈದ್ಯಾಧಿಕಾರಿಯನ್ನು ಕೇಳಿದರು: “ಇನ್ನೊಂದು ದಿನ ಇಲ್ಲೇ ಇರೋದಕ್ಕೆ ಅನುಮತಿ ಸಿಗುತ್ತಾ?”

“ಹೊರಗೆ ಬಿಡಿ ಅಂತ ಕೇಳೋರನ್ನ ನೋಡಿದ್ದೀನಿ, ಬ್ಯಾರನ್‌ರೇ. ಇದಕ್ಕೆ ನಮ್ಮಲ್ಲಿ ನಿಯಮಾನೇ ಇಲ್ಲ.”

ಮಗುವನ್ನು ಎಬ್ಬಿಸದೆ ತಾಯಿಯ ತೋಳಿಗೆ ದಾಟಿಸಿದರು.

ಮರಳುವಾಗ ನಾನು ಬ್ಯಾಂಕಿನ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ, ಒಂದೂ ಬಿಡದೆ ಒಪ್ಪಿಸಿದೆ. ಅವರು ಹುಟ್ಟು ಹಾಕುವವನಿಗೆ ಬೆನ್ನುಮಾಡಿ, ಸಮುದ್ರದ ಕಡೆ ಮುಖವಿಟ್ಟು ಕುಳಿತಿದ್ದರು. ಪಕ್ಕದಲ್ಲಿ ದೆಸ್ಪಿನಾ ಅಮ್ಮನವರು ಖಾಲಿ ಭರಣಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ನನ್ನ ವರದಿ ಮುಗಿಯಿತು.

“ಒಳ್ಳೇದು, ಫರ್ಲಾನಿಚ್,” ಎಂದರು ಬ್ಯಾರನ್. ಆಮೇಲೆ ಕೇಳಿದರು: “ನಿನ್ನ ಕಣ್ಣು ಚುರುಕು. ನೋಡು, ಹಡಗು ಸಾಲ್ವೊರೆ ಭೂಶಿರ ದಾಟಿಬಿಡ್ತಾ?”

ದಾಟಿತ್ತು. ಹೊಗೆ ಮಾತ್ರ ಇನ್ನೂ ಕಾಣುತ್ತಿತ್ತು. ಹಾಗೆಂದೇ ಹೇಳಿದೆ.