ಕರಿಯಪ್ಪನ ಮೇಲೆ ನಾನು ಹೊರಿಸಿದ ಸಾವು

ಬಾಗೂರಿನ ಕರಿಯಪ್ಪ ಮೇಸ್ತ್ರಿ ತನ್ನ ತಮ್ಮನ ಸಾವಿಗೆ ಕಾರಣನಲ್ಲ. ಕಾರಣ ನಾನು. ಒಂದು ಇಂಗ್ಲಿಷ್ ಪದವನ್ನು ತಪ್ಪಾಗಿ ಓದಿದೆ; ತಪ್ಪೆಂದು ತಿಳಿದ ಮೇಲೆ — ಅದೇ ದೊಡ್ಡ ಪಾಪ — ಸುಳ್ಳು ಹೇಳಿದೆ.

ಆಗ ನಾನು ಹೊಳಲ್ಕೆರೆ ಸೀಮೆಯ ಒಂದು ಮ್ಯಾಂಗನೀಸ್ ಗಣಿಯಲ್ಲಿ ಗುಮಾಸ್ತ, ದುಭಾಷಿ. ಚಿತ್ರದುರ್ಗದಲ್ಲಿ ಇಂಗ್ಲಿಷ್ ಕಲಿತಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ನನ್ನಷ್ಟು ಬಲ್ಲವರಿಲ್ಲವೆಂಬ ಹಮ್ಮು ಬೇರೆ. ಮೊದಲಿದ್ದ ಎಂಜಿನಿಯರ್ ದೊರೆ ಇಂಗ್ಲೆಂಡಿನವರು. ಅವರ ಮಾತು ನನ್ನ ಪಾಠದ ಪುಸ್ತಕದ ಮಾತೇ. ಅವರ ಜಾಗಕ್ಕೆ ಬಂದವರು ಅಮೆರಿಕದವರು.

ಆ ವರ್ಷ ಮುಂಗಾರು ಜೋರಾಗಿ ಹಿಡಿದು, ಕೆಳಗಿನ ಹೊಂಡದ ಮೇಲೆ ಚಾಚಿಕೊಂಡಿದ್ದ ಮಣ್ಣಿನ ದಂಡೆ ಬಿರುಕು ಬಿಟ್ಟಿತು. ಬೊಂಬಾಯಿಗೆ ಹೊರಟಿದ್ದ ಈ ಹೊಸ ದೊರೆ ಅವಸರದಲ್ಲಿ ಒಂದು ಚೀಟಿ ಬರೆದುಕೊಟ್ಟು ರೈಲು ಹಿಡಿದರು: 'ಫಾಲ್' ತನಕ ಕೆಳಗಿನ ಹೊಂಡಕ್ಕೆ ಯಾರನ್ನೂ ಇಳಿಸಬೇಡ. ನಾನು ಕಲಿತಂತೆ ಫಾಲ್ ಎಂದರೆ ಬೀಳುವುದು. ದಂಡೆ ಬೀಳುವ ತನಕ ತಡೆಯಬೇಕು ಎಂದುಕೊಂಡೆ, ಮೇಸ್ತ್ರಿಗೂ ಹಾಗೆಯೇ ಹೇಳಿದೆ. ವಾಕ್ಯ ಎಲ್ಲೋ ಕುಂಟುತ್ತಿದೆ ಅನ್ನಿಸಿತ್ತು — ಹೌದು, ಅನ್ನಿಸಿತ್ತು. ತಂತಿ ಕೊಟ್ಟು ಕೇಳಬಹುದಿತ್ತು. ಆದರೆ ಇಷ್ಟೂ ಬಾರದವನೆಂದು ದೊರೆ ಅಂದುಕೊಂಡರೆ...

ಹನ್ನೆರಡನೆಯ ದಿನ ದಂಡೆಯ ಒಂದು ಪಾಲು ಕುಸಿಯಿತು. ಹೊಂಡದ ಆಳುಗಳ ಮೇಸ್ತ್ರಿ ಕರಿಯಪ್ಪ ನನ್ನ ಮೇಜಿನ ಮುಂದೆ ಬಂದು ನಿಂತ.

"ಸ್ವಾಮಿ, ದಂಡೆ ಬಿದ್ದೈತೆ. ಉಳಿದಿದ್ದು ನಂಗ್ಯಾಕೋ ಸರಿ ಕಾಣ್ತಿಲ್ಲ. ಆಳು ಇಳಿಸ್ಲೋ ಬ್ಯಾಡ್ವೋ? ಚೀಟಿ ಇನ್ನೊಂದ್ಸಲ ನೋಡಿ ಹೇಳ್ರಿ."

ನಾನು ಚೀಟಿ ತೆರೆಯಲೇ ಇಲ್ಲ. "ಬೀಳೋ ತನಕ ಅಂತ ಬರ್ದಾರೆ. ಬಿದ್ದಾಯ್ತಲ್ಲ, ಇಳಿಸು" ಎಂದೆ.

ಅನುಮಾನವಿದ್ದ ಕಡೆ ಬೇರೆಯವರ ಮಕ್ಕಳನ್ನು ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ಮೊದಲು ತಾನೇ ಇಳಿದ. ಜೊತೆಗೆ ತಮ್ಮ ನಿಂಗಪ್ಪ. ಉಳಿದ ದಂಡೆ ಒಮ್ಮೆಲೇ ಬಂತು. ಕರಿಯಪ್ಪನನ್ನು ಜೀವಂತ ಹೊರಗೆಳೆದೆವು. ನಿಂಗಪ್ಪ ಸಿಕ್ಕಾಗ ಉಸಿರಿರಲಿಲ್ಲ.

ಸುದ್ದಿ ಕೇಳಿ ದೊರೆ ವಾರದೊಳಗೆ ಮರಳಿದರು. ಹೊಂಡದ ಅಂಚಿನಲ್ಲೇ ನನ್ನ ಮೇಲೆ ಕೂಗಾಡಿದರು — ಫಾಲ್‌ಗೆ ಇನ್ನೂ ಮೂರು ತಿಂಗಳಿದೆ, ಮಳೆಗಾಲ ಕಳೆದು ತಾವು ಬಂದು ನೋಡುವ ತನಕ ಎಂದಲ್ಲವೇ ಬರೆದದ್ದು? ಆಗ ಅರ್ಥವಾಯಿತು. ಇಂಗ್ಲೆಂಡಿನವರು 'ಆಟಮ್' ಅನ್ನುವ ಎಲೆ ಉದುರುವ ಕಾಲವನ್ನು ಇವರ ದೇಶದಲ್ಲಿ ಫಾಲ್ ಅನ್ನುತ್ತಾರೆ. 

ಯಾರು ಇಳಿಸಿದರು ಎಂದು ದೊರೆ ಕೇಳಿದರು. ಕರಿಯಪ್ಪ ಪಕ್ಕದಲ್ಲೇ ನಿಂತು ನಮ್ಮಿಬ್ಬರ ಮುಖವನ್ನು ನೋಡುತ್ತಿದ್ದ. ಒಂದು ಮಾತೂ ಅವನಿಗೆ ತಿಳಿಯುವಂತಿರಲಿಲ್ಲ.

"ಮೇಸ್ತ್ರಿ ನನ್ನನ್ನು ಕೇಳದೆ ಇಳಿದ" ಎಂದೆ, ಇಂಗ್ಲಿಷಿನಲ್ಲಿ.

"ದೊರೆ ಏನಂತಾರ್ರಿ ಸ್ವಾಮಿ?"

"ನೀನು ಅವಸರ ಮಾಡ್ದೆ ಅಂತಾರೆ. ದಂಡೆ ನೋಡ್ಕಳೋದು ಮೇಸ್ತ್ರಿ ಕೆಲ್ಸ ಅಂತಾರೆ."

ನೀವೇ ಇಳಿಸು ಅಂದಿದ್ರಲ್ಲ ಎಂದು ಅವನು ಅನ್ನಲಿಲ್ಲ. ತಲೆ ತಗ್ಗಿಸಿ, "ಹೌದ್ರಿ. ನಾನೇ ನೋಡ್ಕಬೇಕಿತ್ತು" ಎಂದ. ಅಂದೇ ಅವನ ಕೆಲಸ ಹೋಯಿತು. ಮಗನನ್ನು ನುಂಗಿದವನೆಂದು ತಾಯಿ ಅವನ ಕೈಯಿಂದ ನೀರು ಕುಡಿಯುವುದನ್ನೂ ಬಿಟ್ಟಳಂತೆ. ಇದನ್ನು ಕೇಳಿಯೂ ನಾನು ಅದೇ ಮೇಜಿನಲ್ಲಿ ಏಳು ವರ್ಷ ಕುಳಿತಿದ್ದೆ — ಹೇಗೆ ಕುಳಿತಿದ್ದೆ?

ಹೋದ ತಿಂಗಳು ಬಾಗೂರಿಗೆ ಹೋದೆ. ಕರಿಯಪ್ಪ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟ. ನಾನು ಅದನ್ನು ಮುಟ್ಟದೆ ಎಲ್ಲವನ್ನೂ ಹೇಳಿದೆ. ಅವನು ಕೇಳಿದ:

"ಹಂಗಾರೆ ದೊರೆ ನನ್ನ ಬೈಲೇ ಇಲ್ವಾ?"

"ಇಲ್ಲ ಕರಿಯಪ್ಪ. ಆ ಮಾತೆಲ್ಲ ನಂದೇ."

"ನಮ್ಮವ್ವ ಹೋಗಿ ಮೂರು ವರ್ಸ ಆತು ಸ್ವಾಮಿ. ಅವಳಿಗೆ ಹೇಳ್ಬೇಕಿತ್ತು ನೀವು" ಎಂದು ಎದ್ದು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಊರ ಚಾವಡಿಯಲ್ಲಿ ಹಿರಿಯರನ್ನು ಸೇರಿಸಿ, ನಿಂಗಪ್ಪನ ಸಾವು ನನ್ನಿಂದಾಯಿತು, ಕರಿಯಪ್ಪನಿಂದಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಊರೆಲ್ಲ ಕೇಳಿತು. ಕರಿಯಪ್ಪ ಆಗಲೇ ಹೊಲಕ್ಕೆ ಹೋಗಿದ್ದ.