ಹಣೆಯಿಂದ ಕಣ್ಣಿಗೆ ಇಳಿದದ್ದು

ಮಾರ್ಚ್ ಹದಿನೇಳು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಐವತ್ತೆರಡು ನಿಮಿಷ. ಮುಂಡರಗಿ ರಸ್ತೆಯಲ್ಲಿ ನನ್ನ ಕಣ್ಣು ಉರಿಯತೊಡಗಿದ್ದು ಆಗ.

ಜಿಲ್ಲೆಯ ಸೈಕಲ್ ತಂಡಕ್ಕೆ ಹುಡುಗಿಯರನ್ನು ಆರಿಸುವ ಓಟ ಅದು. ಮೂವರಿಗೆ ಜಾಗ. ಗದಗ ಇನ್ನೂ ಎಂಟು ಕಿಲೋಮೀಟರ್ ಇರುವಾಗ ನಾನು ಎರಡನೆಯವಳಾಗಿದ್ದೆ. ಬೆವರು ಹುಬ್ಬು ದಾಟಿ ಇಳಿಯಿತು. ಒರೆಸಿಕೊಂಡೆ, ಉರಿ ಇಮ್ಮಡಿಯಾಯಿತು. ಎದುರಿಗೆ ಬರುತ್ತಿದ್ದ ಲಾರಿ ಬರೀ ಬಣ್ಣವಾಗಿ ಕಂಡಿತು. ಬ್ರೇಕ್ ಹಿಡಿದು ರಸ್ತೆ ಪಕ್ಕದ ಮಣ್ಣಿಗಿಳಿದೆ. ನಾಲ್ವರು ದಾಟಿ ಹೋದರು. ನಾನು ಮುಟ್ಟಿದ್ದು ಆರನೆಯವಳಾಗಿ.

ಸೋತದ್ದನ್ನು ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಆಮೇಲಿನದು. ತರಬೇತುದಾರರು ನನ್ನ ಕೆಂಪು ಕಣ್ಣು, ಸುರಿಯುತ್ತಿದ್ದ ನೀರು ನೋಡಿ ಎಲ್ಲರಿಗೂ ಕೇಳುವ ಹಾಗೆ ಅಂದರು, "ಯಾಕಬೇ, ಗಂಡನ ಮನಿಗೆ ಹೊಂಟಂಗ ಅಳಾಕತ್ತೀ?"

"ಅಳಾಕತ್ತಿಲ್ರಿ ಸರ್. ಕಣ್ಣಾಗ ಬೆವರು ಹೋಗೇತ್ರಿ."

"ಉಳಿದವ್ರೇನು ಫ್ಯಾನಿನ ಬುಡಕ ಕುಂತು ಸೈಕಲ್ ಹೊಡದ್ರೇನು?"

ಎಲ್ಲರೂ ನಕ್ಕರು. ಗೆದ್ದವಳೂ ನಕ್ಕಳು. ತರಬೇತುದಾರರು ಇಬ್ಬರನ್ನು ಖಾಯಂ ಮಾಡಿ, ಮೂರನೆಯವಳ ವೇಗ ಸಾಲದೆಂದು ಆ ಜಾಗಕ್ಕೆ ಐದು ವಾರ ಬಿಟ್ಟು ಮತ್ತೊಂದು ಓಟ ಎಂದರು. ನನ್ನತ್ತ ತಿರುಗಿ, "ಅಲ್ಲೀತನ ಅತ್ತು ಮುಗಿಸಿ ಬಾ," ಎಂದರು. ಹರ್ತಿಯ ಮನೆ ಮುಟ್ಟುವವರೆಗೂ ಹಲ್ಲು ಕಚ್ಚಿಕೊಂಡೇ ಪೆಡಲ್ ತುಳಿದೆ.

ಮರುದಿನದಿಂದ ದಿನಚರಿಯಲ್ಲಿ ಹೊಸ ಕಾಲಂ ಎಳೆದೆ. ಪ್ರತಿ ಬೆಳಿಗ್ಗೆ ಮುಳಗುಂದಕ್ಕೆ ಹೋಗಿ ಬರುವಾಗ ಉರಿ ತಾಳದೆ ಎಷ್ಟು ಸಲ ಕಣ್ಣು ಮುಚ್ಚಿದೆ ಎಂಬ ಲೆಕ್ಕ. ಮರೆಯಬಾರದೆಂದು ಜೇಬಿನಲ್ಲಿ ಒಣ ಕಡಲೆ ಇಟ್ಟುಕೊಂಡೆ. ಮುಚ್ಚಿದಾಗಲೊಮ್ಮೆ ಒಂದು ಕಾಳು ಎಡ ಜೇಬಿನಿಂದ ಬಲ ಜೇಬಿಗೆ. ಮೊದಲ ದಿನ ಹದಿನಾರು ಕಾಳು. ತಲೆಗೆ ಎಣ್ಣೆ ಹಚ್ಚುವುದು ಬಿಟ್ಟೆ: ಹದಿನೈದು. ಸಾಬೂನು ಬಿಟ್ಟೆ: ಹದಿನಾರು. ಅಪ್ಪ ಗದಗಿನಿಂದ ತಂದ ಕನ್ನಡಕ ಹಾಕಿದೆ: ಹದಿನೆಂಟು, ಅದೂ ಒಳಗೆಲ್ಲ ಹಬೆ. ಎರಡು ವಾರ ಒಂದು ದಿನವೂ ಹದಿನಾಲ್ಕರ ಕೆಳಗಿಳಿಯಲಿಲ್ಲ. ಒಂದು ದಿನ ಮನೆಗೆ ಬಂದು ಹೆಲ್ಮೆಟ್ಟನ್ನು ಗೋಡೆಗೆ ಎಸೆದೆ. ಅದನ್ನೂ ಬರೆದಿಟ್ಟಿದ್ದೇನೆ: ಮಾರ್ಚ್ ಮೂವತ್ತು, ಒಂದು ಸಲ.

ಏಪ್ರಿಲ್ ಎರಡರಂದು ಆಯಿ, ಅಂದರೆ ಅಪ್ಪನ ತಾಯಿ, ಶಿರಹಟ್ಟಿಯಲ್ಲಿರುವ ತನ್ನ ತಂಗಿಯ ಮನೆಗೆ ಹೋದಳು. ಮರುದಿನ ಐದೇ ಕಾಳು. ನಾಲ್ಕನೇ ತಾರೀಖು ಆರು. ಆಮೇಲೆ ಐದು, ಮತ್ತೆ ಆರು. ಆರನೇ ತಾರೀಖು ಆಯಿ ತಿರುಗಿ ಬಂದಳು. ಏಳಕ್ಕೆ ಹದಿನೈದು.

ಆ ಸಾಲುಗಳನ್ನು ನೋಡುತ್ತ ಕೂತಾಗ ನನ್ನ ದಡ್ಡತನಕ್ಕೆ ಮೈಯೆಲ್ಲ ಕಾದುಹೋಯಿತು. ನಾನು ಸೈಕಲ್ ಹೊರತೆಗೆಯುವಾಗ ಆಯಿ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ನನ್ನ ಹಣೆಗೆ ಮೂರು ಬೆರಳೆಳೆಯದೆ ಬಿಡುತ್ತಿರಲಿಲ್ಲ. ಓಟದ ದಿನವೆಂದು ಎರಡು ಪಟ್ಟು ದಪ್ಪಗೆ ಎಳೆದಿದ್ದಳು. ಅದರ ಮೇಲೆ ಹೆಲ್ಮೆಟ್ ಬಿಗಿದು, ಅದೆಲ್ಲ ಬೆವರಿನಲ್ಲಿ ಕರಗಿ ಕಣ್ಣಿಗೆ ಬರುವ ಹಾಗೆ ನಾನೇ ಮಾಡಿಕೊಂಡಿದ್ದೆ.

"ಆಯಿ, ಸೈಕಲ್ ಹೊಡಿಯಾಕ ಹೊಂಟಾಗ ಹಣಿಗೆ ಇಬತ್ತಿ ಬ್ಯಾಡ. ಕರಗಿ ಕಣ್ಣಾಗ ಇಳೀತೈತಿ."

"ಇಷ್ಟ ವರ್ಷ ಹಚ್ಚಕೊಂಡ ಬಿಸಲಾಗ ಕಳೆ ತಗದೀನಿ. ನಿನ್ನ ಕಣ್ಣೇನು ಬೆಣ್ಯಾಗ ಮಾಡ್ಯಾರೇನ?"

"ನೀ ಹೆಲ್ಮೆಟ್ ಹಾಕ್ಕೊಂಡು ಕಳೆ ತಗದೀಯೇನ? ಒರಸ್ಕೊಳ್ಳಾಕ ಸೆರಗಿತ್ತು ನಿನಗ!"

ಅಡುಗೆಮನೆಯಲ್ಲಿ ಅವ್ವ ನಕ್ಕುಬಿಟ್ಟಳು. ನನಗೆ ನಗು ಬರುವ ಹೊತ್ತಾಗಿರಲಿಲ್ಲ. ಆರನೆಯವಳಾದದ್ದು, ರಸ್ತೆಯಲ್ಲಿ ನಗೆಪಾಟಲಾದದ್ದು, ಎಲ್ಲವನ್ನೂ ಆಯಿಯ ಮೇಲೆ ಕೂಗಿ ಹಾಕಿದೆ. ಆಯಿ ಬಟ್ಟಲಿನಲ್ಲಿ ಉಪ್ಪುನೀರು ಮಾಡಿ, ಚಿಟಿಕೆ ವಿಭೂತಿ ಕದಡಿ, ನಾನು ತಡೆಯುವಷ್ಟರಲ್ಲಿ ಬೆರಳದ್ದಿ ತನ್ನದೇ ಕಣ್ಣಿಗೆ ಬಿಟ್ಟುಕೊಂಡಳು.

"ಅಯ್ಯಯ್ಯ, ಶಿವನ!"

ಅವ್ವ ತಂಬಿಗೆ ಹಿಡಿದು ಓಡಿಬಂದಳು. ಕಣ್ಣು ತೊಳೆದು ತೊಳೆದು ಒರೆಸಿಕೊಂಡ ಮೇಲೆ ಆಯಿ ತೀರ್ಪು ಕೊಟ್ಟಳು: "ಈಗಿನ ಇಬತ್ತಿನ ಖೊಟ್ಟಿ ಐತಿ ಬಿಡು."

ಅಂದರೆ ವಿಭೂತಿಯೇ ಕಲಬೆರಕೆ, ತಪ್ಪು ಅವಳದ್ದಲ್ಲ. ಸಿಟ್ಟಿನಲ್ಲಿ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಆಯಿ ನನ್ನೆದುರು ನಿಂತು ಹಣೆ ಬಿಟ್ಟು ಎರಡೂ ತೋಳಿಗೆ ಮೂರು ಮೂರು ಗೆರೆ ಎಳೆದಳು. ನಮ್ಮಲ್ಲಿ ಪೂಜೆಗೆ ಕೂರುವಾಗ ತೋಳಿಗೂ ಹಚ್ಚಿಕೊಳ್ಳುತ್ತಾರೆ. "ಹಣಿ ಯಾಕ ಬರೇ ಐತಿ ಅಂತ ದೇವ್ರು ಕೇಳಿದ್ರ ನೀನ ಹೇಳಕೋ," ಎಂದಳು. ಅಪ್ಪನ ಹಳೆಯ ಧೋತರ ಹರಿದು ನಾಲ್ಕು ಮಡಿಕೆಯ ಪಟ್ಟಿಯನ್ನೂ ಕೊಟ್ಟಳು. ಅದನ್ನು ಹೆಲ್ಮೆಟ್ಟಿನ ಕೆಳಗೆ ಕಟ್ಟಿದೆ. ಕಾಳು ಎರಡು, ಮೂರಕ್ಕೆ ಇಳಿದವು.

ಏಪ್ರಿಲ್ ಇಪ್ಪತ್ತೊಂದು, ಎರಡನೆಯ ಓಟ. ಉಳಿದವರಿಗಿಂತ ನಲವತ್ತು ಸೆಕೆಂಡ್ ಮೊದಲು ಮುಟ್ಟಿದೆ. ಜಾಗ ನನ್ನದಾಯಿತು. ದಿನಚರಿ ಒಯ್ದು ತರಬೇತುದಾರರ ಮುಂದೆ ಹಿಡಿದೆ, ತಾರೀಖು, ಕಾಳು, ಎಲ್ಲ. ಓದಲಿಲ್ಲ. "ಸೈಕಲ್ ಹೊಡಿ, ಕಡ್ಲಿ ಎಣಿಸಬ್ಯಾಡ," ಎಂದು ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡರು. ಅಂದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ನನ್ನ ಸಿಟ್ಟೂ ಇಳಿದಿಲ್ಲ.

ಆ ಓಟದಲ್ಲೂ ಎರಡು ಸಲ ಉರಿಯಿತು, ಎರಡೂ ಸಲ ಎಡಗಣ್ಣೇ. ಅಂದಿನಿಂದ ಯಾವ ಕಣ್ಣು ಎಂಬುದನ್ನೂ ಬರೆಯುತ್ತಿದ್ದೇನೆ. ಈವರೆಗೆ ಉರಿದ ಇಪ್ಪತ್ತೊಂದು ಸಲದಲ್ಲಿ ಹತ್ತೊಂಬತ್ತು ಸಲ ಎಡಗಣ್ಣು. ಹಣೆಯ ಪಟ್ಟಿಯ ಗಂಟನ್ನು ಬಲಕ್ಕೆ ಕಟ್ಟಿ ನೋಡಿದೆ, ಎಡಕ್ಕೆ ಕಟ್ಟಿ ನೋಡಿದೆ, ಬದಲಾಗಲಿಲ್ಲ. ಮುಂದಿನದು ರಾಜ್ಯದ ಓಟ, ಇದರ ಎರಡರಷ್ಟು ದೂರ. ಅಲ್ಲಿ ಒಂದು ಸಲ ಕಣ್ಣು ಮುಚ್ಚಿದರೂ ಗುಂಪಿನಲ್ಲಿ ಬಿದ್ದೇನು. ಸೈಕಲ್ ಹೊಡೆಯುವವರಲ್ಲಿ, ಕಣ್ಣು ನೋಡುವವರಲ್ಲಿ ಯಾರಿಗಾದರೂ ಕಾರಣ ಗೊತ್ತಿದ್ದರೆ ನನಗೆ ಬರೆದು ತಿಳಿಸಿ. ಯಾವ ಹೊತ್ತಿಗೆ, ಎಂಥ ಬಿಸಿಲಲ್ಲಿ, ಎಷ್ಟು ಸಲ ಎಂಬುದನ್ನೂ ಬರೆಯಿರಿ. ಅಂದಾಜು ಬೇಡ.